ಗುಂಡಿಗೆ ಇಳಿಸಿದ ಕೋಳಿ

ಹೆದರುಪುಕ್ಕಲಿ ಎಂದು ನನ್ನನ್ನು ಇದುವರೆಗೆ ಯಾರೂ ಕರೆದಿಲ್ಲ. ಬಾಯಿಬಡುಕಿ ಎಂದಿದ್ದಾರೆ, ಗಯ್ಯಾಳಿ ಎಂದಿದ್ದಾರೆ. ನಮ್ಮತ್ತೆ ಅದನ್ನು ನನ್ನ ಮುಖಕ್ಕೇ ಹೇಳಿದ್ದಾರೆ, ನಾನೂ ತಕ್ಕ ಉತ್ತರ ಕೊಟ್ಟಿದ್ದೇನೆ. ಆದರೆ ಆವತ್ತು ಬೆಳಿಗ್ಗೆ ಗ್ಯಾಸಿನ ಗುಂಡಿಯ ಬಾಯಿಗೆ ನಮ್ಮವರು ಏಣಿ ತಂದು ಒರಗಿಸಿದ್ದನ್ನು ನೋಡಿ ನನ್ನ ಕೈಕಾಲು ತಣ್ಣಗಾದವು. ಏಣಿ ತಂದವರು ಇಳಿಯದೆ ಬಿಡುತ್ತಾರಾ?

"ರೀ, ಯಾರನ್ನಾದ್ರೂ ಕರೆಸಿ ತೆಗೆಸೋಣ," ಎಂದೆ.

"ನಮ್ಮ ಕೋಳಿ ಹಿಕ್ಕೆ ಎತ್ತೋಕೆ ಬೇರೆಯವರು ಯಾಕೆ? ಒಂದು ಗಳಿಗೆ ಕೆಲಸ. ನೀನು ಸುಮ್ನೆ ಬಾಯಿ ಮಾಡ್ಬೇಡ."

ಬಾಯಿ ಮಾಡಬೇಡ ಎಂದರೆ ನನಗೆ ಇನ್ನೂ ಹೆಚ್ಚು ಬರುತ್ತದೆ.

ಆ ಗುಂಡಿ ನಮ್ಮ ಮನೆಗೆ ಬಂದದ್ದು ನಾದಿನಿಯ ದೆಸೆಯಿಂದ. ನಮ್ಮದು ಮೊಟ್ಟೆ ಕೋಳಿಯ ಶೆಡ್ಡು. ಸಾಲು ಸಾಲು ಪಂಜರ, ಪಂಜರದ ಕೆಳಗೆ ಗುಡ್ಡೆ ಗುಡ್ಡೆ ಹಿಕ್ಕೆ. ಮಾವನವರ ಕಾಲದಿಂದಲೂ ಅದನ್ನು ನೀರು ಬಿಟ್ಟು ತೊಳೆದು ಹಿಂದಿನ ಹಳ್ಳಕ್ಕೆ ಹರಿಸುವುದು ವಾಡಿಕೆ. ಕಣ್ಣಿಗೆ ಕಾಣದ್ದು ಮನಸ್ಸಿಗೂ ಬರುವುದಿಲ್ಲವಲ್ಲ. ಹಳ್ಳ ಪಾಚಿಗಟ್ಟಿತು, ಮೀನು ಸತ್ತು ತೇಲಿದವು, ನಾವು ಮೂಗು ಮುಚ್ಚಿಕೊಂಡು ಈಚೆ ಬಂದೆವು. ಅದೇ ಹಳ್ಳದ ಕೆಳಗಿನ ದಂಡೆಗೆ ನಾದಿನಿಯನ್ನು ಕೊಟ್ಟಿರುವುದು. ಒಂದು ದಿನ ಅವಳು ಬಂದವಳು ಕೂರಲಿಲ್ಲ, ನೀರೂ ಮುಟ್ಟಲಿಲ್ಲ. ಚೀಲದಿಂದ ಒಂದು ಬಾಟಲಿ ತೆಗೆದು ಅಣ್ಣನ ಮುಂದೆ ಇಟ್ಟಳು. ಒಳಗಿನ ನೀರು ಹಸಿರು ಬಣ್ಣಕ್ಕೆ ತಿರುಗಿತ್ತು.

"ನಮ್ಮ ಬಾವೀದು. ನಿನ್ನ ಕೋಳಿ ಕಳಿಸಿದ್ದು. ಕುಡಿ ನೋಡೋಣ," ಎಂದಳು.

ನಮ್ಮವರ ಮುಖ ಕಪ್ಪಿಟ್ಟಿತು. ಆವತ್ತಿನಿಂದ ಅವರಿಗೆ ಹಳ್ಳದ ಹುಚ್ಚು ಹಿಡಿಯಿತು. ಊರಿಗೆ ಉಪಕಾರಿ, ಮನೆಗೆ ಮಾರಿ ಎಂದು ನಾನು ಎಷ್ಟು ಗೊಣಗಿದರೂ ಕೇಳದೆ, ಹಿಕ್ಕೆಯೆಲ್ಲ ಹೋಗಿ ಬೀಳುವಂತೆ ಎರಡಾಳು ಆಳದ ಗುಂಡಿ ತೋಡಿಸಿ, ಗೋಡೆ ಕಟ್ಟಿಸಿ, ಮುಚ್ಚಳ ಹಾಕಿಸಿದರು. ಅಲ್ಲಿ ಹುಟ್ಟುವ ಗ್ಯಾಸಿನಿಂದ ಮರಿಗಳಿಗೆ ಕಾವು ಕೊಡುವುದು, ಮಿಕ್ಕ ರಾಡಿ ಹೊಲಕ್ಕೆ, ಹಳ್ಳಕ್ಕೆ ಒಂದು ತೊಟ್ಟೂ ಇಲ್ಲ. ಸುಳ್ಳು ಹೇಳಬಾರದು, ಕೆಲಸ ಚೆನ್ನಾಗಿಯೇ ನಡೆಯಿತು. ಹಳ್ಳದಲ್ಲಿ ತಳ ಕಾಣಿಸಿತು. ಕಪ್ಪೆ ಮತ್ತೆ ವಟಗುಟ್ಟಿದವು. ನಾದಿನಿ ಬಂದು ಹೊಟ್ಟೆತುಂಬ ಉಂಡು ಹೋದಳು.

ಆದರೆ ಗುಂಡಿ ಕಟ್ಟಿದ ಮೇಸ್ತ್ರಿ ಅಲ್ಲಿಯವರೆಗೆ ಕಟ್ಟಿದ್ದೆಲ್ಲ ಹಸುವಿನ ಸಗಣಿಯ ಗುಂಡಿಗಳು. ಕೋಳಿ ಹಿಕ್ಕೆ ಸಗಣಿಯಲ್ಲ. ಮೊಟ್ಟೆಯ ಚಿಪ್ಪು ಗಟ್ಟಿಯಾಗಲಿ ಎಂದು ಫೀಡಿನಲ್ಲಿ ಸುಣ್ಣಕಲ್ಲಿನ ಹರಳು ಬೆರೆಸುತ್ತೇವೆ. ಆ ಹರಳು, ಉದುರಿದ ಪುಕ್ಕ, ಒಡೆದ ಮೊಟ್ಟೆ ಎಲ್ಲ ಹಿಕ್ಕೆಯ ಜೊತೆ ಹೋಗಿ ತಳದಲ್ಲಿ ಕೂತುಬಿಟ್ಟವು. ಮೇಸ್ತ್ರಿಗೂ ಅದು ಹೊಳೆಯಲಿಲ್ಲ, ನಮಗೂ ಹೊಳೆಯಲಿಲ್ಲ. ಗ್ಯಾಸು ಕಡಿಮೆಯಾಯಿತು, ಕೊಳವೆ ಕಟ್ಟಿಕೊಂಡಿತು, ಶೆಡ್ಡಿನಿಂದ ರಾಡಿ ಒಳಕ್ಕೆ ಹೋಗದೆ ಉಕ್ಕಿತು. ಇನ್ನೊಂದು ಮಳೆ ಬಿದ್ದರೆ ಎಲ್ಲ ಮತ್ತೆ ಹಳ್ಳಕ್ಕೇ.

ಅದಕ್ಕೇ ಏಣಿ. ನಮ್ಮವರು ಮೇಲಿನ ತೆಳು ರಾಡಿಯನ್ನೆಲ್ಲ ಪಂಪಿನಲ್ಲಿ ಎತ್ತಿಸಿ, ಗಾಳಿಯಾಡಲಿ ಎಂದು ಮುಚ್ಚಳವನ್ನು ಹಿಂದಿನ ದಿನವೇ ತೆಗೆದಿಟ್ಟಿದ್ದರು. ತಳದಲ್ಲಿ ಉಳಿದದ್ದು ಹೆಪ್ಪುಗಟ್ಟಿದ ಹೆಂಟೆ. ಅದನ್ನು ಕಡಿದು ಬಕೆಟ್ಟಿನಲ್ಲಿ ಕಳಿಸುತ್ತೇನೆ, ನೀನೂ ತಮ್ಮನೂ ಎಳೆದುಕೊಳ್ಳಿ ಎಂದರು. ತಮ್ಮ ಎಂದರೆ ನನ್ನ ಮೈದುನ. ಅವನು ಆಗಲೇ ಪ್ಯಾಂಟು ಮಡಚಿ ನಿಂತಿದ್ದ. ಅಣ್ಣ ಬಾವಿಗೆ ಹಾರು ಎಂದರೆ ಎಷ್ಟು ನೀರಿದೆ ಎಂದು ಕೇಳದೆ ಹಾರುವ ಜಾತಿ ಅವನದು. ಅತ್ತೆ ಮರದ ನೆರಳಿನಲ್ಲಿ ಕೂತು ಮೊಟ್ಟೆ ಒರೆಸುತ್ತಿದ್ದರು.

"ಒಳಗೆ ಗಾಳಿ ಹೇಗಿದೆಯೋ ಏನೋ," ಎಂದೆ.

"ಅದಕ್ಕೇನು? ಕೋಳಿ ಇಳಿಸಿ ನೋಡಿದ್ರಾಯ್ತು."

ಇದು ನಮ್ಮ ಕೋಳಿಯವರ ಪದ್ಧತಿ. ಬಾವಿ ತೋಡುವವರು ದೀಪ ಇಳಿಸಿ ನೋಡುತ್ತಾರೆ. ಗ್ಯಾಸಿನ ಗುಂಡಿಗೆ ದೀಪ ಇಳಿಸಿದರೆ ಮನೆಮಂದಿಯೆಲ್ಲ ಹಾರಿಹೋಗಬೇಕು. ಅದಕ್ಕೆ ಸುತ್ತಮುತ್ತಲ ಶೆಡ್ಡಿನವರೆಲ್ಲ ಕೋಳಿ ಇಳಿಸುತ್ತಾರೆ. ಕೋಳಿಯ ಉಸಿರು ಸೂಕ್ಷ್ಮ, ಶೆಡ್ಡಿನ ಗಾಳಿ ಒಂದಿಷ್ಟು ಕೆಟ್ಟರೂ ಮೊದಲು ಕೊಕ್ಕು ತೆರೆಯುವುದು ಅದು. ಕೋಳಿ ಬದುಕಿ ಬಂದರೆ ಮನುಷ್ಯ ಇಳಿಯಬಹುದು. ಕೋಳಿ ಕೇಳಿ ಮಸಾಲೆ ಅರೆಯುತ್ತಾರಾ ಎಂದು ಊರೆಲ್ಲ ಗಾದೆ ಹೇಳುತ್ತದೆ. ನಾವು ಮಾತ್ರ ಕೋಳಿಯನ್ನು ಕೇಳಿಯೇ ಗುಂಡಿಗೆ ಇಳಿಯುವವರು.

ಮೊಟ್ಟೆ ನಿಲ್ಲಿಸಿದ ಒಂದು ಮುದಿ ಕೋಳಿಯನ್ನು ತಂತಿಬುಟ್ಟಿಯಲ್ಲಿ ಕೂರಿಸಿ, ಹಗ್ಗ ಕಟ್ಟಿ ಮೈದುನ ಕೆಳಗೆ ಬಿಟ್ಟ. ನಾವು ಮೂವರೂ ಉಸಿರು ಬಿಗಿಹಿಡಿದು ಕಾದೆವು. ಒಂದು ಲೋಟ ಟೀ ಕುಡಿದು ಮುಗಿಸುವಷ್ಟು ಹೊತ್ತು ಬಿಟ್ಟು ಎಳೆದ. ಕೋಳಿ ಮೇಲೆ ಬಂದು ಪುಕ್ಕ ಕೊಡವಿಕೊಂಡು, ಕತ್ತು ಓರೆ ಮಾಡಿ, ನಮ್ಮತ್ತೆ ನನ್ನನ್ನು ನೋಡುವಂತೆಯೇ ನೋಡಿತು. ಮೈದುನ ಬಿದ್ದು ಬಿದ್ದು ನಕ್ಕ. ನನಗೂ ನಗು ಬಂತು.

"ನೋಡಿದ್ಯಾ? ನಿನಗಿಂತ ಕೋಳಿಗೇ ಧೈರ್ಯ ಜಾಸ್ತಿ," ಎಂದರು ನಮ್ಮವರು.

"ಸೊಂಟಕ್ಕೊಂದು ಹಗ್ಗ ಕಟ್ಕೊಳ್ಳಿ ಅಂದ್ರೆ."

"ನಾನೇನು ಕರುವೇನೇ, ಹಗ್ಗ ಕಟ್ಟೋಕೆ?"

ಗುದ್ದಲಿ ಹಿಡಿದು ಇಳಿದರು. ನಾನು ಅಂಚಿನಲ್ಲಿ ಕುಕ್ಕರಗಾಲಲ್ಲಿ ಕೂತೆ. ಕೆಳಗೆ ಅವರ ಬಕ್ಕತಲೆ ಕಾಣುತ್ತಿತ್ತು. ಮಾತಾಡುತ್ತಾ ಇರಿ ಎಂದು ಹೇಳಿದ್ದೆ, ಅದೊಂದನ್ನು ಪಾಲಿಸಿದರು. ಮೇಸ್ತ್ರಿಯ ವಂಶವನ್ನೆಲ್ಲ ಬೈದರು. ಪುಕ್ಕದ ಹಾಸಿಗೆ ಮೇಲೆ ನಿಂತ ಹಾಗಿದೆ ಎಂದರು. ಆಮೇಲೆ ಗುದ್ದಲಿ ಎತ್ತಿ ಹೆಪ್ಪಿನ ಮೇಲೆ ಒಂದೇಟು ಹಾಕಿದರು.

ಕೆಳಗಿನಿಂದ ಬುಳುಬುಳು ಎಂದು ಸದ್ದು ಬಂತು. ಅಕ್ಕಿ ಕುದಿಯುವಾಗ ಬರುವಂಥ ಸದ್ದು. ಹಿಂದೆಯೇ ನಾತ. ಕೊಳೆತ ಮೊಟ್ಟೆಯ ನಾತ ಎಂದರೆ ಮೊಟ್ಟೆಯವರಿಗೆ ಹೊಸದೇನಲ್ಲ, ಆದರೆ ಇದು ಸಾವಿರ ಮೊಟ್ಟೆ ಒಟ್ಟಿಗೆ ಒಡೆದ ಹಾಗೆ ಮುಖಕ್ಕೆ ಬಡಿಯಿತು. ನಾನು ಸೆರಗು ಮೂಗಿಗೆ ಒತ್ತಿಕೊಂಡೆ.

"ಅಬ್ಬಬ್ಬಾ, ಏನು ನಾತ!" ಎಂದು ಅವರು ಕೂಗಿದರು. ಇನ್ನೊಂದೇಟು ಹಾಕಿದರು. ಆಮೇಲೆ ಆಶ್ಚರ್ಯದ ದನಿಯಲ್ಲಿ ಹೇಳಿದರು, "ಲೇ, ವಾಸನೆ ಹೋಗೇಬಿಡ್ತು ಕಣೇ. ಈಗ ಏನೂ ಇಲ್ಲ."

ಆದರೆ ನನಗೆ ವಾಸನೆ ಬರುತ್ತಲೇ ಇತ್ತು. ಮೇಲೆ, ಬಯಲು ಗಾಳಿಯಲ್ಲಿ, ಸೆರಗಿನ ಮರೆಯಲ್ಲಿ ಕೂತ ನನಗೆ ಕಣ್ಣು ಉರಿಯುವಷ್ಟು ನಾತ. ಅದರ ನಡುವೆ ನಿಂತವರಿಗೆ ಇಲ್ಲವಂತೆ. ಅವರ ಮೂಗು ಸತ್ತಿದೆ, ಮೂಗು ಸಾಯಿಸಿದ್ದು ಆಳನ್ನು ಬಿಡುತ್ತದಾ?

"ರೀ, ಹತ್ತಿ! ಮೇಲೆ ಬನ್ನಿ, ಈಗಲೇ ಬನ್ನಿ!"

"ಬಂದೆ ತಡಿ—" ಎಂದರು. ಗುದ್ದಲಿ ಕೈಜಾರಿತು. ಏಣಿಗೆ ಒಂದು ಕೈ ಹಾಕಿದರು. ಆ ಕೈ ಹಾಗೇ ಮೆಲ್ಲಗೆ ಜಾರಿತು. ದಣಿದವರು ಕೂರುವಂತೆ ಗೋಡೆಗೆ ಒರಗಿ ಕೂತುಬಿಟ್ಟರು. ತಲೆ ಎದೆಯ ಮೇಲೆ ವಾಲಿತು.

ನಾನು ಕಿರುಚಿದ್ದು ನನಗೇ ಕೇಳಿಸಲಿಲ್ಲ. ಅತ್ತೆ ಮೊಟ್ಟೆಯ ಬುಟ್ಟಿ ಕೆಡವಿಕೊಂಡು ಓಡಿ ಬಂದರು. ಗುಂಡಿಯೊಳಗೆ ಇಣುಕಿ ನೋಡಿದವರೇ ಬಾಯಿ ಬಾಯಿ ಬಡಿದುಕೊಂಡರು. "ಅಯ್ಯೋ ನನ್ನ ಮಗನೇ! ಚಿಕ್ಕೋನೇ, ಏನೋ ನೋಡ್ತಾ ನಿಂತಿದ್ದೀಯ? ಇಳಿಯೋ! ಇಳಿದು ಅಣ್ಣನ್ನ ಎತ್ತೋ!"

ಹೇಳುವುದೇ ಬೇಡ, ಮೈದುನ ಆಗಲೇ ಚಪ್ಪಲಿ ಬಿಟ್ಟು ಏಣಿಯ ಮೇಲೆ ಕಾಲಿಟ್ಟಿದ್ದ. ಅವನ ಸೊಂಟಕ್ಕೆ ಎರಡೂ ಕೈ ಸುತ್ತಿ ನಾನು ಹಿಂದಕ್ಕೆ ಬಿದ್ದೆ. ಇಬ್ಬರೂ ನೆಲಕ್ಕೆ ಉರುಳಿದೆವು.

"ಬಿಡಿ ಅತ್ತಿಗೆ! ಅಣ್ಣ ಸಾಯ್ತಾನೆ, ಬಿಡಿ!"

"ನೀನೂ ಸಾಯ್ತೀಯ ಕಣೋ ಮುಠ್ಠಾಳ!"

ಅತ್ತೆ ನನ್ನ ಬೆನ್ನಿನ ಮೇಲೆ ದಬದಬ ಗುದ್ದಿದರು. ಜಡೆ ಹಿಡಿದು ಎಳೆದರು. "ಬಿಡೇ ನನ್ನ ಮಗನ್ನ! ಕಟ್ಕೊಂಡ ಗಂಡ ಕಣ್ಣೆದುರಿಗೆ ಸಾಯ್ತಿದ್ದಾನೆ, ಎತ್ತೋಕೆ ಹೋಗೋನನ್ನೂ ಹಿಡ್ಕೊಂಡಿದ್ದೀಯಲ್ಲೇ, ನೀನು ಹೆಂಗಸಾ, ರಾಕ್ಷಸಿಯಾ?"

ನನಗೆ ಅವರನ್ನು ಕೂಗಿ ಕರೆಯಬೇಕೆನ್ನಿಸುತ್ತಿತ್ತು, ನಾನೇ ಹಾರಬೇಕೆನ್ನಿಸುತ್ತಿತ್ತು. ಒಂದೊಂದು ಕ್ಷಣವೂ ಅವರ ಉಸಿರು ಎಂದು ನನಗೆ ಗೊತ್ತಿತ್ತು. ಮೈದುನನನ್ನು ಬಿಟ್ಟರೆ ಇಬ್ಬರೂ ಹೋಗುತ್ತಾರೆ, ಹಿಡಿದುಕೊಂಡೇ ಇದ್ದರೆ ಅವರು ಹೋಗುತ್ತಾರೆ. ಅಷ್ಟು ಭಯ ನನಗೆ ಹೆರಿಗೆಯಲ್ಲೂ ಆಗಿರಲಿಲ್ಲ. ಮೈದುನ ಗಂಡಸು, ಕೊಸರಿದರೆ ಎಷ್ಟು ಹೊತ್ತು ಹಿಡಿದೇನು? ಆಗ ಪಕ್ಕದಲ್ಲೇ ಬುಟ್ಟಿಯೊಳಗೆ ಆ ಕೋಳಿ ಕೊಕ್ ಕೊಕ್ ಎಂದಿತು.

ಒಂದು ಕೈಯಲ್ಲಿ ಅವನ ಅಂಗಿಯನ್ನು ಮುಷ್ಟಿಯಲ್ಲಿ ಸುತ್ತಿ ಹಿಡಿದು, ಇನ್ನೊಂದು ಕೈಯಲ್ಲಿ ಹಗ್ಗ ಹಿಡಿದು ಬುಟ್ಟಿಯನ್ನು ಗುಂಡಿಗೆ ತಳ್ಳಿದೆ. "ನೋಡೋ! ಕಣ್ಣು ಬಿಟ್ಟು ನೋಡು, ಆಮೇಲೆ ಇಳಿ!"

ಬುಟ್ಟಿ ನಮ್ಮವರ ತಲೆಯ ಪಕ್ಕಕ್ಕೆ ಹೋಗಿ ನೇತಾಡಿತು. ಕೋಳಿ ಒಂದು ಸಲ ರೆಕ್ಕೆ ಬಡಿಯಿತು. ಕೊಕ್ಕು ತೆರೆಯಿತು. ಕತ್ತು ಜೋಲುಬಿತ್ತು. ಅಷ್ಟೇ. ಸ್ವಲ್ಪ ಹೊತ್ತಿನ ಹಿಂದೆ ಅದೇ ಗುಂಡಿಯಿಂದ ಪುಕ್ಕ ಕೊಡವಿಕೊಂಡು ಬಂದ ಕೋಳಿ. ಹೆಪ್ಪಿನ ಒಳಗೆ ಅವಿತಿದ್ದ ವಿಷ ಗುದ್ದಲಿ ಬೀಳುವ ತನಕ ಹೊರಗೆ ಬಂದಿರಲಿಲ್ಲ ಎಂಬುದು ಕೋಳಿಗೆ ಹೇಗೆ ಗೊತ್ತಾಗಬೇಕು? ಕೋಳಿ ತಳ ಕೆದಕಿರಲಿಲ್ಲ.

ಮೈದುನನ ಮೈ ನನ್ನ ಕೈಯಲ್ಲಿ ಸಡಿಲವಾಯಿತು.

"ಬಾವಿ ಹತ್ರ ಪಾತಾಳಗರಡಿ ಇದೆ. ಓಡು!" ಎಂದೆ.

ಓಡಿದ. ಬಾವಿಗೆ ಬಿದ್ದ ಕೊಡ ಎತ್ತಲು ಹಗ್ಗಕ್ಕೆ ಕಟ್ಟಿದ ಕೊಕ್ಕೆಗಳ ಗೊಂಚಲು ಅದು. ಅವನು ಬರುವ ತನಕ ನಾನು ಅಂಚಿನಲ್ಲಿ ಒಬ್ಬಳೇ. ಬಗ್ಗಿದರೆ ತಲೆ ಸುತ್ತುತ್ತಿತ್ತು, ಬಗ್ಗದಿದ್ದರೆ ಅವರು ಕಾಣುತ್ತಿರಲಿಲ್ಲ. ಅವರ ಭುಜ ಅಲುಗಿತೇ? ಅಲುಗಿದಂತೆ ಕಂಡಿತು. ಮರುಕ್ಷಣ ಇಲ್ಲ ಎನ್ನಿಸಿತು. ಮುಖ ಇನ್ನೊಂದು ಗೇಣು ಜಾರಿದರೆ ರಾಡಿಯೊಳಗೆ ಹೋಗುತ್ತಿತ್ತು. "ಜಾರಬೇಡಿ, ಕೂತಿರಿ, ಹಾಗೇ ಕೂತಿರಿ," ಎಂದು ಬೈದಂತೆ ಹೇಳುತ್ತಲೇ ಇದ್ದೆ. ಅತ್ತೆ ನನ್ನ ಪಕ್ಕದಲ್ಲೇ ನೆಲಕ್ಕೆ ಹಣೆ ಚಚ್ಚಿಕೊಳ್ಳುತ್ತಿದ್ದರು.

ಗರಡಿ ಬಂತು. ಹೊರಗೆ ತಿರುಗಿ ಉಸಿರೆಳೆದುಕೊಂಡು, ಬಾಯಿ ಮುಚ್ಚಿ ಬಗ್ಗಿ, ಕೊಡ ಹುಡುಕುವಂತೆ ಗಂಡನನ್ನು ಕೊಕ್ಕೆಯಲ್ಲಿ ತಡಕಿದೆ. ಮೊದಲು ಅಂಗಿಗೆ ಸಿಕ್ಕಿತು, ಎಳೆದರೆ ಅಂಗಿ ಪರ್ರೆಂದು ಹರಿಯಿತು. ಆಮೇಲೆ ತೋಳಿಗೆ ಚುಚ್ಚಿ ರಕ್ತ ಬಂತು. ರಕ್ತ ನೋಡಿ ನನಗೆ ಒಳಗೇ ಖುಷಿಯಾಯಿತು, ಸತ್ತವರ ಮೈಯಿಂದ ಹೀಗೆ ಹರಿಯುವುದಿಲ್ಲ ಎಂದು ಯಾರೋ ಅಂದದ್ದು ನೆನಪಾಯಿತು. ಕೊನೆಗೆ ಸೊಂಟದ ಬೆಲ್ಟಿಗೆ ಸಿಕ್ಕಿತು.

"ಎಳಿ!"

ರಾಡಿ ಅವರನ್ನು ಬಿಡಲೊಲ್ಲದು. ಮೈದುನ ಎಳೆದ, ನಾನು ಎಳೆದೆ, ಅತ್ತೆಯೂ ಹಗ್ಗಕ್ಕೆ ಕೈ ಹಾಕಿದರು. ಅಂಗೈ ಸುಲಿಯಿತು. ಕಾಲು ತಲೆ ಒಂದಾಗಿ ನೇತಾಡುತ್ತಾ, ಗೋಡೆಗೆ ಉಜ್ಜಿಕೊಳ್ಳುತ್ತಾ ಅವರು ಮೇಲೆ ಬಂದರು. ಮುಖ ನೀಲಿಗಟ್ಟಿತ್ತು. ಗಾಳಿ ಬೀಸುವ ಕಡೆಗೆ ಎಳೆದು ಮಲಗಿಸಿ ಕೆನ್ನೆಗೆ ಬಾರಿಸಿದೆ, ಎದೆ ಒತ್ತಿದೆ, ಬಾಯಿಗೆ ಬಂದದ್ದನ್ನೆಲ್ಲ ಬೈದೆ. ಗಂಟಲಿನಿಂದ ಒಂದು ಗೊರಕ್ ಸದ್ದು ಹೊರಟಿತು. ಅಷ್ಟರಲ್ಲಿ ಫೀಡು ಇಳಿಸಲು ಬಂದ ಲಾರಿಯ ಡ್ರೈವರು ಅವರನ್ನು ಎತ್ತಿ ಮುಂದಿನ ಸೀಟಿಗೆ ಹಾಕಿಕೊಂಡ. ನಾವು ಹಿಂದೆ ಮೂಟೆಗಳ ಮೇಲೆ ಹತ್ತಿದೆವು.

ದಾರಿಯುದ್ದಕ್ಕೂ ಅತ್ತೆ ನನ್ನ ಕಡೆ ತಿರುಗಲಿಲ್ಲ. "ತಮ್ಮ ಇಳಿದಿದ್ರೆ ಆಗಲೇ ಎತ್ತಿರ್ತಿದ್ದ," ಎಂದು ಗಾಳಿಗೆ ಹೇಳಿದರು. "ನನ್ನ ಮಗನಿಗೆ ಏನಾದ್ರೂ ಆದ್ರೆ ನಿನ್ನ ಮುಖ ನೋಡಲ್ಲ." ಅವರೇ ಸರಿಯಿರಬಹುದೇ ಎಂಬ ಹೆದರಿಕೆ ನನಗೂ ಇತ್ತು. ಮೈದುನ ಇಬ್ಬರ ನಡುವೆ ಮೊಣಕಾಲಿಗೆ ಮುಖ ಕೊಟ್ಟು ಕೂತಿದ್ದ.

ಆಸ್ಪತ್ರೆಯ ಬಾಗಿಲಿಗೆ ಡಾಕ್ಟರಮ್ಮ ಓಡಿ ಬಂದರು. ಗುಂಡಿ ಎಂದ ಕೂಡಲೇ ಸ್ಟ್ರೆಚರು ನೂಕುತ್ತಾ ಕೇಳಿದರು, "ಮಿಕ್ಕವರೆಲ್ಲಿ?"

"ಮಿಕ್ಕವರು ಯಾರೂ ಇಲ್ಲ. ಇವರೊಬ್ಬರೇ," ಎಂದೆ.

"ಒಬ್ಬರೇನಾ?" ಅವರು ಒಂದು ಕ್ಷಣ ನಿಂತು ನಮ್ಮನ್ನು ನೋಡಿದರು. "ಇಂಥ ಗುಂಡಿಯಿಂದ ನಮಗೆ ಬರೀ ಒಬ್ಬರೇ ಬಂದದ್ದು ಇಲ್ಲವೇ ಇಲ್ಲ. ಎತ್ತೋಕೆ ಇಳಿದವರೂ ಜೊತೆಗೇ ಬರ್ತಾರೆ. ಎಷ್ಟೋ ಸಲ ಮೊದಲು ಬಿದ್ದವರು ಉಳಿದು, ಇಳಿದವರು ಹೋಗಿರ್ತಾರೆ." ಬಾಗಿಲು ಮುಚ್ಚಿಕೊಂಡಿತು.

ಅತ್ತೆ ಬೆಂಚಿನ ಮೇಲೆ ಕೂತರು. ಮೈದುನ ನೀರು ತಂದುಕೊಟ್ಟ, ಕುಡಿಯಲಿಲ್ಲ. ಅವನನ್ನೇ ನೋಡುತ್ತಿದ್ದರು, ಕಾಲಿನ ಬೆರಳಿನಿಂದ ಹಿಡಿದು ತಲೆಯ ತನಕ. ನೋಡುತ್ತಾ ನೋಡುತ್ತಾ ಅವರ ಗದ್ದ ಅದುರಲು ಶುರುವಾಯಿತು. ಅದು ಹಿರಿಯ ಮಗನಿಗಾಗಿ ಹುಟ್ಟಿದ ಹೆದರಿಕೆಯಲ್ಲ ಎಂದು ನನಗೆ ತಿಳಿಯಿತು. ನನ್ನ ಜನ್ಮದಲ್ಲಿ ಅತ್ತೆಯ ಎದುರು ಬಾಯಿ ಮುಚ್ಚಿ ಕೂತದ್ದು ಅದೇ ಮೊದಲು.

ನಮ್ಮವರು ಉಳಿದರು. ಎದೆ ಗೊರಗೊರ ಎನ್ನುತ್ತದೆ, ನಾಲ್ಕು ಹೆಜ್ಜೆಗೆ ನಿಲ್ಲುತ್ತಾರೆ, ಮೂಗಿಗೆ ಇನ್ನೂ ಯಾವ ವಾಸನೆಯೂ ಬರುವುದಿಲ್ಲ. ಮನೆಗೆ ಬಂದ ದಿನವೇ ಮೈದುನ, "ಗೋಡೆ ಒಡೆದು ಹಳ್ಳಕ್ಕೇ ಬಿಟ್ಬಿಡೋಣ, ಅಣ್ಣಾ. ಸಾಕು ಈ ಸಹವಾಸ," ಎಂದ.

ನಾನೂ ಹಾಗೆಯೇ ಅಂದುಕೊಂಡಿದ್ದೆ. ಆ ಗುಂಡಿಯ ಕಡೆ ತಲೆ ಹಾಕಿ ಮಲಗಲೂ ನನಗೆ ಭಯ.

"ತಂಗಿ ಬಾವಿಗೆ ಇನ್ನೊಂದ್ಸಲ ವಿಷ ಹಾಕಲ್ಲ," ಎಂದರು ನಮ್ಮವರು, ಉಸಿರು ಎಳೆದೆಳೆದು. ಕೊನೆಗೆ ಹೀಗೆ ತೀರ್ಮಾನವಾಯಿತು. ಇನ್ನು ಗುಂಡಿಯೇ ಬೇಡ. ಪಂಜರದ ಕೆಳಗೆ ಮರದ ಹೊಟ್ಟು ಹರಡಿ, ಹಿಕ್ಕೆಯನ್ನು ಒಣಗಿಸಿ, ಸೂರಿನ ಕೆಳಗೆ ರಾಶಿ ಹಾಕಿ ತಿರುವುತ್ತಾ ಗೊಬ್ಬರ ಮಾಡುವುದು. ಗ್ಯಾಸು ಹೋದರೆ ಹೋಗಲಿ. ಹಳೇ ಗುಂಡಿಯಲ್ಲಿ ಇದ್ದದ್ದನ್ನು ಹೊರಗೆ ನಿಂತೇ ಟ್ಯಾಂಕರಿನ ಪೈಪಿನಲ್ಲಿ ಎಳೆಸಿ, ಮಣ್ಣು ತುಂಬಿಸುವುದು. ಒಬ್ಬರೂ ಇಳಿಯಕೂಡದು. ಈ ಮಾತನ್ನು ನಾನು ಟ್ಯಾಂಕರಿನವರಿಗೆ ಮೊದಲೇ ಹೇಳಿದ್ದೆ.

ಟ್ಯಾಂಕರು ಬಂದ ದಿನ ನಾನು ಬೆಳಗಿನಿಂದಲೇ ಗುಂಡಿಯ ಪಕ್ಕ ಕಾವಲು ನಿಂತೆ. ಪೈಪು ಹಿಡಿಯುವವನು ಗಟ್ಟಿಮುಟ್ಟು ಆಳು, ಸದಾ ಹಲ್ಲು ಕಿರಿಯುವವನು. ನೀರು ಚಿಮ್ಮಿಸಿ, ಕಲಕಿ, ಎಳೆದ. ಬಹಳಷ್ಟು ಬಂತು. ಆಮೇಲೆ ಪೈಪಿನ ಬಾಯಿಗೆ ಪುಕ್ಕದ ಮುದ್ದೆ ಸಿಕ್ಕಿಕೊಂಡಿತು. ನಾನು ಮೋಟರು ನಿಲ್ಲಿಸಲು ಹೇಳಿ ಡ್ರೈವರಿನ ಕಡೆ ತಿರುಗಿದ್ದೆ, ಅಷ್ಟೇ.

"ತಡೀರಿ, ಒಂದು ನಿಮಿಷ ಇಳಿದು ಬಿಡಿಸ್ತೀನಿ," ಎಂದು ಅವನು ತಂದಿದ್ದ ಏಣಿಯ ಮೇಲೆ ಕಾಲಿಟ್ಟ.

ಅತ್ತೆ ಎಲ್ಲಿದ್ದರೋ ನಾನು ಕಾಣೆ. ಮಂಡಿನೋವು ಎಂದು ಅಂಗಳ ದಾಟದವರು ಓಡಿ ಬಂದರು. ಹಿಂದಿನಿಂದ ಅವನ ಅಂಗಿಯನ್ನು ಎರಡೂ ಕೈಯಲ್ಲಿ ಬಾಚಿ ಹಿಡಿದು ನೆಲದ ಮೇಲೆ ಕೂತುಬಿಟ್ಟರು.

"ಅಯ್ಯೋ, ಬಿಡಿ ಅಜ್ಜೀ. ನಮಗೆ ಇದೆಲ್ಲ ಅಭ್ಯಾಸ," ಎಂದು ಅವನು ನಕ್ಕ.

"ಬಿಡಲ್ಲ."

"ಏನಾಗಲ್ಲ ಬಿಡಿ."

"ಬಿಡಲ್ಲ ಕಣಪ್ಪಾ. ನಾನು ನನ್ನ ಮಗನಿಗೇ ಇಳಿ ಅಂದಿದ್ದೆ," ಎಂದರು ಅತ್ತೆ. "ಹೆತ್ತ ಮಗನಿಗೆ, ಈ ಬಾಯಲ್ಲೇ, ಇಳಿಯೋ ಅಂದಿದ್ದೆ."

ಅವನ ನಗು ನಿಂತಿತು. ಅತ್ತೆಯ ಮುದಿ ಬೆರಳುಗಳು ಸೋತು ಒಂದೊಂದಾಗಿ ಅಂಗಿಯಿಂದ ಜಾರುತ್ತಿದ್ದವು. ಅವರು ತಲೆ ಎತ್ತಿ ನನ್ನನ್ನು ನೋಡಿದರು.

"ನೀನು ಹಿಡಿ," ಎಂದರು.

ನಾನು ಹೋಗಿ ಹಿಡಿದುಕೊಂಡೆ.